ಮನುಷ್ಯರಲ್ಲಿ 15, ಪ್ರಾಣಿಗಳಲ್ಲಿ 660: ನಾರು ಹುಳುವಿನ ಲೆಕ್ಕ ಯಾಕೆ ಮುಗಿಯುತ್ತಿಲ್ಲ?

2024ರಲ್ಲಿ ಇಡೀ ಪ್ರಪಂಚದಲ್ಲಿ ನಾರು ಹುಣ್ಣು ಆದವರು ಬರೀ 15 ಜನ. ಚಾಡ್ ದೇಶದಲ್ಲಿ 9, ದಕ್ಷಿಣ ಸುಡಾನ್‌ನಲ್ಲಿ 6. ಸುದ್ದಿಯ ಮೊದಲ ಸಾಲು ಓದಿದರೆ ರೋಗ ಇನ್ನೇನು ಹೋಯಿತು ಅನಿಸುತ್ತದೆ. ಮುಂದಿನ ಸಾಲಿನಲ್ಲಿ ಬೇರೆಯದೇ ಕಥೆ ಇದೆ. ಅದೇ ವರ್ಷ 660ಕ್ಕೂ ಹೆಚ್ಚು ಪ್ರಾಣಿಗಳಲ್ಲಿ ಈ ಹುಳು ಸಿಕ್ಕಿದೆ. ಹೆಚ್ಚಿನವು ನಾಯಿಗಳು, ಒಂದಷ್ಟು ಬೆಕ್ಕುಗಳು, ಅಲ್ಲಲ್ಲಿ ಕಾಡುಪ್ರಾಣಿಗಳು. ನಿರ್ಮೂಲನೆಯ ಗಡುವು 1995ರಿಂದ ಜಾರುತ್ತಾ ಜಾರುತ್ತಾ ಈಗ 2030ಕ್ಕೆ ಬಂದು ನಿಂತಿದೆ.

ಓದುವವರಿಗೆ ಸಹಜವಾಗಿ ಗೊಂದಲ. ನಾಯಿಯ ಹುಳುವೇ ಬೇರೆ, ಮನುಷ್ಯರ ಹುಳುವೇ ಬೇರೆ ಇರಬಹುದಲ್ಲ? ಬೇರೆ ಅಂದಮೇಲೆ ನಾಯಿಯನ್ನು ಲೆಕ್ಕಕ್ಕೆ ಹಿಡಿಯುವುದು ಯಾಕೆ? ಒಂದೇ ಅಂದರೆ, ಕಾಡಿನ ಬಬೂನ್ ಎಂಬ ದೊಡ್ಡ ಕೋತಿಯಲ್ಲೂ ಇರುವ ಹುಳುವನ್ನು ಮುಗಿಸುವುದಾದರೂ ಹೇಗೆ? ಈ ಪ್ರಶ್ನೆಗಳಿಗೆ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಉತ್ತರ ಹುಡುಕಿದ್ದು ಡಿಎನ್‌ಎ ಪರೀಕ್ಷೆ. ಕೆಲವು ಉತ್ತರ ಖಚಿತವಾಗಿ ಸಿಕ್ಕಿದೆ. ಕೆಲವು ಡಿಎನ್‌ಎಯಿಂದ ಸಿಗುವಂಥವೇ ಅಲ್ಲ. ಸುದ್ದಿಗಳಲ್ಲಿ ಇವೆರಡೂ ಕಲಸಿಹೋಗಿರುವುದರಿಂದಲೇ ಗೊಂದಲ ಜಾಸ್ತಿಯಾಗಿದೆ.

ಹುಳು ಬದುಕುವ ರೀತಿ

ಉತ್ತರ ಕರ್ನಾಟಕದ ಹಿರಿಯರಿಗೆ ನಾರು ಹುಣ್ಣನ್ನು ಪರಿಚಯಿಸಬೇಕಿಲ್ಲ. ಮೆಟ್ಟಿಲು ಬಾವಿಗೆ ಇಳಿದು ನೀರು ತುಂಬಿಕೊಳ್ಳುತ್ತಿದ್ದ ಊರುಗಳಲ್ಲಿ ಅದು ವರ್ಷ ವರ್ಷವೂ ಬರುತ್ತಿತ್ತು. ಕಾಲಿನಲ್ಲಿ ಬೊಬ್ಬೆ ಏಳುತ್ತದೆ. ಉರಿ ತಡೆಯಲಾಗದೆ ಕಾಲನ್ನು ನೀರಿಗೆ ಇಟ್ಟರೆ ಬೊಬ್ಬೆ ಒಡೆದು, ಬಿಳಿ ಹುಳುವಿನ ತುದಿ ಕಾಣುತ್ತದೆ. ಹೆಣ್ಣು ಹುಳು 60 ಸೆಂಟಿಮೀಟರಿನಿಂದ ಒಂದು ಮೀಟರ್‌ವರೆಗೂ ಉದ್ದ. ಎಳೆದು ಬಿಸಾಡೋಣ ಅಂದರೆ ಆಗುವುದಿಲ್ಲ, ತುಂಡಾದರೆ ಒಳಗೆ ಕೀವು ಕಟ್ಟುತ್ತದೆ. ಕಡ್ಡಿಗೆ ಸುತ್ತುತ್ತಾ ದಿನಕ್ಕೆ ಒಂದಿಷ್ಟೇ ಹೊರಗೆ ತೆಗೆಯಬೇಕು. ಇದಕ್ಕೆ ಔಷಧಿ ಇಲ್ಲ, ಲಸಿಕೆಯೂ ಇಲ್ಲ.

ಬೊಬ್ಬೆ ನೀರಿಗೆ ತಾಗಿದ ಕ್ಷಣ ಹುಳು ಲಕ್ಷಗಟ್ಟಲೆ ಮರಿಗಳನ್ನು ಬಿಡುತ್ತದೆ. ಅವನ್ನು ಸೈಕ್ಲೋಪ್ಸ್ ಎಂಬ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೀರುಜೀವಿ ನುಂಗುತ್ತದೆ. ಅದರ ಹೊಟ್ಟೆಯಲ್ಲಿ ಸುಮಾರು ಎರಡು ವಾರ ಬೆಳೆದ ಮೇಲೆ ಮರಿಗೆ ಸೋಂಕು ತಗುಲಿಸುವ ಶಕ್ತಿ ಬರುತ್ತದೆ. ಆ ನೀರನ್ನು ಸೋಸದೆ ಕುಡಿದವರ ದೇಹದಲ್ಲಿ ಗಂಡು ಹೆಣ್ಣು ಹುಳುಗಳು ಕೂಡಿ, ಗಂಡು ಸಾಯುತ್ತದೆ. ಹೆಣ್ಣು ಬೆಳೆಯುತ್ತಾ ಕಾಲಿನ ಕಡೆಗೆ ಇಳಿಯುತ್ತದೆ. ನೀರು ಕುಡಿದಲ್ಲಿಂದ ಹುಳು ಹೊರಬರುವವರೆಗೆ ಸುಮಾರು ಒಂದು ವರ್ಷ. ಈ ಒಂದು ವರ್ಷದ ಲೆಕ್ಕ ನೆನಪಿರಲಿ, ಡಿಎನ್‌ಎ ವಿಚಾರಕ್ಕೆ ಬಂದಾಗ ಬೇಕಾಗುತ್ತದೆ.

ಈ ಸರಪಳಿಯನ್ನು ಎಲ್ಲಿ ತುಂಡರಿಸಬೇಕು ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ, ಹುಣ್ಣಿರುವವರು ಕೆರೆ ಬಾವಿಗೆ ಇಳಿಯಬೇಡಿ, ನೀರಿಗೆ ಟೆಮೆಫಾಸ್ ಎಂಬ ಔಷಧಿ ಹಾಕಿ ಸೈಕ್ಲೋಪ್ಸ್ ಕೊಲ್ಲಿ, ಬೋರ್‌ವೆಲ್ ಕೊರೆಸಿ. ಭಾರತ 1984ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿದಾಗ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ಮೆಟ್ಟಿಲು ಬಾವಿಗಳನ್ನು ಇಳಿಯಲಾಗದಂತೆ ಬದಲಾಯಿಸಿದ್ದು ದೊಡ್ಡ ಕೆಲಸ ಮಾಡಿತು. ಕೊನೆಯ ರೋಗಿ ಸಿಕ್ಕಿದ್ದು 1996ರ ಜುಲೈನಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರು ಹುಣ್ಣು ಮುಕ್ತ ದೇಶವೆಂದು ಪ್ರಮಾಣೀಕರಿಸಿತು.

ಪ್ರಪಂಚದ ಮಟ್ಟದಲ್ಲಿ 1986ರಲ್ಲಿ ವರ್ಷಕ್ಕೆ 35 ಲಕ್ಷ ರೋಗಿಗಳು ಇದ್ದಿರಬಹುದೆಂಬ ಅಂದಾಜಿತ್ತು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಕಾರ್ಟರ್ ಸೆಂಟರ್ ಈ ಕೆಲಸದ ಮುಂದಾಳತ್ವ ವಹಿಸಿತು. 35 ಲಕ್ಷದಿಂದ 15ಕ್ಕೆ ಇಳಿದಿರುವುದು ಸಣ್ಣ ಸಾಧನೆ ಅಲ್ಲ. ಕೊನೆಯ ಹುಳು ತನಗಿಂತ ಮೊದಲು ಸಾಯಬೇಕು ಎಂಬುದು ಕಾರ್ಟರ್ ಅವರ ಆಸೆಯಾಗಿತ್ತು. 2024ರ ಡಿಸೆಂಬರ್ 29ರಂದು ಅವರು ತೀರಿಕೊಂಡಾಗ ಹುಳು ಇನ್ನೂ ಉಳಿದಿತ್ತು.

ಚಾಡ್‌ನಲ್ಲಿ ಲೆಕ್ಕ ತಪ್ಪಿದ್ದು

2000ದಿಂದ 2009ರವರೆಗೆ ಚಾಡ್‌ನಲ್ಲಿ ಒಬ್ಬ ರೋಗಿಯೂ ವರದಿಯಾಗಲಿಲ್ಲ. ಪ್ರಮಾಣಪತ್ರಕ್ಕೆ ತಯಾರಿ ನಡೆದಿದ್ದಾಗ, 2010ರಲ್ಲಿ ಮತ್ತೆ ಹತ್ತು ಜನರಲ್ಲಿ ಹುಳು ಕಾಣಿಸಿಕೊಂಡಿತು. ಈ ರೋಗ ಬಂದರೆ ಒಂದೇ ಊರಿನಲ್ಲಿ, ಒಂದೇ ನೀರು ಕುಡಿದ ಹತ್ತಾರು ಜನರಿಗೆ ಬರುವುದು ವಾಡಿಕೆ. ಚಾಡ್‌ನಲ್ಲಿ ಹಾಗಾಗಲಿಲ್ಲ. ಶಾರಿ ನದಿಯ ದಂಡೆಯ ಊರುಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು. ಮುಂದಿನ ವರ್ಷ ಅದೇ ಊರಿನಲ್ಲಿ ಬರುತ್ತದೆ ಎಂದು ಕಾದರೆ ಬೇರೆಲ್ಲೋ ಬಂತು.

2012ರಲ್ಲಿ ಅಲ್ಲಿನ ನಾಯಿಗಳ ಕಾಲಿನಲ್ಲೂ ಇಂಥದ್ದೇ ಹುಳು ಇರುವುದು ಬೆಳಕಿಗೆ ಬಂತು. ಹುಡುಕಿದಷ್ಟೂ ಸಿಗತೊಡಗಿದವು. 2019ರಲ್ಲಿ ಚಾಡ್ ಒಂದರಲ್ಲೇ 1,900ಕ್ಕೂ ಹೆಚ್ಚು ನಾಯಿಗಳು. ಆಮೇಲೆ ಕಡಿಮೆಯಾಗುತ್ತಾ ಬಂದು, 2024ರಲ್ಲಿ ನಾಯಿ ಬೆಕ್ಕು ಸೇರಿ ಮುನ್ನೂರರ ಆಸುಪಾಸಿಗೆ ಇಳಿದಿದೆ. ಈ ನಡುವೆ ಮಾಲಿಯಲ್ಲಿ ನಾಯಿಗಳು, ಕ್ಯಾಮರೂನ್‌ನಲ್ಲಿ ನಾಯಿಗಳು, ಎಂದೂ ಈ ರೋಗದ ಪಟ್ಟಿಯಲ್ಲೇ ಇಲ್ಲದ ಅಂಗೋಲಾದಲ್ಲಿ 2018ರಲ್ಲಿ ಒಬ್ಬ ರೋಗಿ, ಆಮೇಲೆ ನಾಯಿಗಳು. ಇಥಿಯೋಪಿಯಾದ ಗ್ಯಾಂಬೆಲಾ ಪ್ರದೇಶದಲ್ಲಿ 2013ರಿಂದ ಬಬೂನ್‌ಗಳಲ್ಲೂ ಹುಳು ಸಿಗತೊಡಗಿತು.

ಮೊದಲು ಬಂದ ಪ್ರಶ್ನೆ ತೀರಾ ಸರಳ. ಇವು ನಿಜವಾಗಿ ಆ ಹುಳುವೇನಾ?

ಕಣ್ಣಿಗೆ ಒಂದೇ ಥರ ಕಂಡರೆ ಸಾಲದು

ನಾರು ಹುಳುವಿನ ಶಾಸ್ತ್ರೀಯ ಹೆಸರು ಡ್ರಾಕಂಕ್ಯುಲಸ್ ಮೆಡಿನೆನ್ಸಿಸ್. ಇದೇ ಕುಲದಲ್ಲಿ ಇನ್ನೂ ಹಲವು ಜಾತಿಗಳಿವೆ. ಉತ್ತರ ಅಮೆರಿಕದ ರಕೂನ್‌ಗಳಲ್ಲಿ ಡ್ರಾಕಂಕ್ಯುಲಸ್ ಇನ್ಸಿಗ್ನಿಸ್ ಇದೆ, ಅದು ಅಲ್ಲಿನ ನಾಯಿಗಳಿಗೂ ಬರುತ್ತದೆ. ನೀರುನಾಯಿಗಳಲ್ಲಿ ಇನ್ನೊಂದು. ಹಾವು, ಆಮೆಗಳಲ್ಲಿ ಬೇರೆ ಕೆಲವು. ಇವುಗಳ ನಡುವಿನ ವ್ಯತ್ಯಾಸ ಕಾಣುವುದು ಗಂಡು ಹುಳುವಿನಲ್ಲಿ. ಚರ್ಮ ಸೀಳಿಕೊಂಡು ಹೊರಗೆ ಬರುವುದು ಹೆಣ್ಣು ಮಾತ್ರ. ಗಂಡು ಸಣ್ಣದು, ದೇಹದ ಒಳಗೇ ಸತ್ತು ಹೋಗುತ್ತದೆ. ಕೈಗೆ ಸಿಗುವ ಹೆಣ್ಣನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಇದು ಯಾವ ಜಾತಿ ಎಂದು ಹೇಳಲು ಪಳಗಿದ ಕಣ್ಣಿಗೂ ಕಷ್ಟ. ಎಷ್ಟೋ ಸಲ ಹುಳು ಪೂರ್ತಿ ಸಿಗುವುದೂ ಇಲ್ಲ, ಕೊಳೆತ ತುಂಡೊಂದು ಸಿಗುತ್ತದೆ ಅಷ್ಟೇ.

ಹೊರಗಿನ ನೋಟ ನಂಬಿದರೆ ಎಷ್ಟು ದೂರ ದಾರಿ ತಪ್ಪಬಹುದು ಎಂಬುದಕ್ಕೆ ಇಥಿಯೋಪಿಯಾ ಮತ್ತು ದಕ್ಷಿಣ ಸುಡಾನ್‌ನ ಉದಾಹರಣೆ ಇದೆ. ನಾರು ಹುಳು ಇರಬಹುದು ಎಂಬ ಅನುಮಾನದಿಂದ ಜನರ ಮೈಯಿಂದ ತೆಗೆದು ಲ್ಯಾಬಿಗೆ ಕಳಿಸಿದ ಮಾದರಿಗಳಲ್ಲಿ 37 ಬೇರೆಯೇ ಎಂದು ತಿಳಿಯಿತು. ಅವು ಸ್ಪೈರೋಮೆಟ್ರಾ ಎಂಬ ಲಾಡಿಹುಳುವಿನ ಮರಿಗಳು. 2015ರಲ್ಲಿ ಪ್ರಕಟವಾದ ಈ ವರದಿಯಲ್ಲಿ ಗುರುತು ಹಿಡಿಯಲು ನೆರವಾದದ್ದು ಡಿಎನ್‌ಎ. ಆ 37 ಜನರನ್ನು ನಾರು ಹುಣ್ಣಿನ ರೋಗಿಗಳೆಂದು ಬರೆದುಕೊಂಡಿದ್ದರೆ ಏನಾಗುತ್ತಿತ್ತು ಯೋಚಿಸಿ. ಇಲ್ಲದ ರೋಗದ ಹಿಂದೆ ಆರೋಗ್ಯ ಕಾರ್ಯಕರ್ತರು ಊರೂರು ಸುತ್ತಬೇಕಾಗಿತ್ತು.

ವಿಯೆಟ್ನಾಂನಲ್ಲಿ 2020ರಲ್ಲಿ ಇದಕ್ಕಿಂತ ಸೂಕ್ಷ್ಮವಾದ ಪ್ರಸಂಗ ನಡೆಯಿತು. ಒಬ್ಬ ರೋಗಿಯ ಮೈಯಿಂದ ಡ್ರಾಕಂಕ್ಯುಲಸ್ ಹುಳು ಹೊರಬಂತು, ಆಮೇಲೆ ಇನ್ನೂ ಕೆಲವರಲ್ಲಿ ಸಿಕ್ಕಿತು. ಕುಲ ಅದೇ. ಆದರೆ ಜೀನ್ ಓದಿದಾಗ ಅದು ಮೆಡಿನೆನ್ಸಿಸ್ ಅಲ್ಲವೆಂದು ಗೊತ್ತಾಯಿತು. ಅಂದರೆ ಏಷ್ಯಾಕ್ಕೆ ಹಳೆ ರೋಗ ವಾಪಸ್ ಬಂದಿಲ್ಲ. ಪ್ರಾಣಿಗಳ ಯಾವುದೋ ಹುಳು ತಪ್ಪಿ ಮನುಷ್ಯರ ಮೈ ಸೇರಿದೆ. ರೋಗಿಗೆ ನೋವು ಅಷ್ಟೇ ಆದರೂ ಸರ್ಕಾರಗಳು ತೆಗೆದುಕೊಳ್ಳಬೇಕಾದ ಕ್ರಮ ಪೂರ್ತಿ ಬದಲಾಗುತ್ತದೆ.

ಜೀನ್ ಓದುವ ಮೂರು ಹಂತ

ಊರಿನಲ್ಲಿ ಹುಳು ಸಿಕ್ಕಿದಾಗ ಅದನ್ನು ಆಲ್ಕೋಹಾಲ್ ಇರುವ ಸಣ್ಣ ಬಾಟಲಿಗೆ ಹಾಕುತ್ತಾರೆ. ಸಿಕ್ಕ ಊರು, ದಿನ, ಯಾವ ಪ್ರಾಣಿ, ಯಾರ ಮನೆಯದು ಎಂದು ಚೀಟಿ ಅಂಟಿಸುತ್ತಾರೆ. ಗುರುತು ಖಚಿತಪಡಿಸುವ ಮುಖ್ಯ ಲ್ಯಾಬ್ ಅಮೆರಿಕದ ಅಟ್ಲಾಂಟಾದಲ್ಲಿರುವ, ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯದ್ದು. ಅಲ್ಲಿಂದ ಮುಂದೆ ಪ್ರಶ್ನೆ ಯಾವುದು ಎಂಬುದರ ಮೇಲೆ ಜೀನಿನ ಯಾವ ಭಾಗ ಓದಬೇಕು ಎಂಬುದು ನಿಂತಿದೆ. ಒಬ್ಬ ಅಪರಿಚಿತರ ಜಾಡು ಹಿಡಿಯಲು ಮೊದಲು ಊರು, ಆಮೇಲೆ ಮನೆತನ, ಕೊನೆಗೆ ಅಪ್ಪ ಅಮ್ಮನ ಹೆಸರು ಕೇಳುತ್ತೇವಲ್ಲ, ಇಲ್ಲಿಯೂ ಅದೇ ಕ್ರಮ.

ಮೊದಲ ಹಂತ ಜಾತಿ ಗುರುತಿಸುವುದು. ಇದಕ್ಕೆ 18ಎಸ್ ಎಂಬ ಜೀನ್ ಬಳಕೆಯಾಗುತ್ತದೆ. ಇದು ತುಂಬಾ ನಿಧಾನವಾಗಿ ಬದಲಾಗುವ ಜೀನ್, ಹಾಗಾಗಿ ಒಂದೇ ಜಾತಿಯೊಳಗೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಘಾನಾ, ಪಾಕಿಸ್ತಾನ, ಯೆಮನ್, ಸುಡಾನ್ ಹುಳುಗಳಲ್ಲಿ 1,819 ಅಕ್ಷರಗಳ (ಡಿಎನ್‌ಎಯ ಬಿಡಿ ಘಟಕಗಳನ್ನು ಹೀಗೆ ಕರೆಯೋಣ) ಈ ಜೀನ್ ಒಂದಕ್ಷರವೂ ಬದಲಾಗದೆ ಒಂದೇ ಇತ್ತು. ರಕೂನ್ ಹುಳುವಿನಲ್ಲಿ ಮಾತ್ರ ಎಂಟು ಕಡೆ ವ್ಯತ್ಯಾಸ. ಬರೀ ಎಂಟು. ಆದರೂ ಎರಡು ಜಾತಿ ಬೇರೆ ಎಂದು ಹೇಳಲು ಅಷ್ಟು ಸಾಕು. ಅದೇ ಅಧ್ಯಯನದಲ್ಲಿ ಘಾನಾದ ಒಂದು ನಾಯಿಯ ಹುಳುವೂ ಇತ್ತು. ಅದು ಮನುಷ್ಯರ ಹುಳುವಿಗೆ ಪೂರ್ತಿ ಹೊಂದಿತು. ಚಾಡ್‌ನ ನಾಯಿಗಳು ಸುದ್ದಿಯಾಗುವ ಏಳು ವರ್ಷ ಮೊದಲಿನ ಮಾತು ಇದು.

18ಎಸ್‌ನ ಗುಣವೇ ಅದರ ಮಿತಿ. ಘಾನಾದ ಹುಳುವಿಗೂ ಪಾಕಿಸ್ತಾನದ ಹುಳುವಿಗೂ ವ್ಯತ್ಯಾಸ ತೋರಿಸದ ಜೀನ್, ಒಂದೇ ಊರಿನ ನಾಯಿ ಹುಳು ಮತ್ತು ಮನುಷ್ಯರ ಹುಳುವಿನ ಸಂಬಂಧ ಹೇಳುವುದು ಸಾಧ್ಯವಿಲ್ಲ. ಅದಕ್ಕೇ ಎರಡನೇ ಹಂತದಲ್ಲಿ, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯ ಎಂಬ ಭಾಗದ ಜೀನ್‌ಗಳನ್ನು ಓದುತ್ತಾರೆ. ಇವು ಬೇಗ ಬದಲಾಗುತ್ತವೆ, ತಾಯಿಯಿಂದ ಮಾತ್ರ ಮರಿಗೆ ಬರುತ್ತವೆ. ಎರಡು ಹುಳುಗಳ ತಾಯಿಯ ಸಾಲು ಒಂದೇನಾ ಎಂಬುದು ಇದರಿಂದ ತಿಳಿಯುತ್ತದೆ.

ಮೂರನೇ ಹಂತ ಇನ್ನೂ ಹತ್ತಿರದ್ದು. ಡಿಎನ್‌ಎಯಲ್ಲಿ ಕೆಲವು ಅಕ್ಷರಗಳ ಸಣ್ಣ ಗುಂಪು ಮತ್ತೆ ಮತ್ತೆ ಬರುವ ಜಾಗಗಳಿವೆ, ಮೈಕ್ರೋಸ್ಯಾಟಲೈಟ್ ಎನ್ನುತ್ತಾರೆ. ಎಷ್ಟು ಸಲ ಮರುಕಳಿಸುತ್ತದೆ ಎಂಬುದು ಹುಳುವಿನಿಂದ ಹುಳುವಿಗೆ ಬೇರೆ. ಅಪ್ಪ ಅಮ್ಮ ಇಬ್ಬರಿಂದಲೂ ಬರುವುದರಿಂದ ರಕ್ತಸಂಬಂಧ ಹಿಡಿಯಬಹುದು. ಇಲ್ಲಿಯೇ ಆ ಒಂದು ವರ್ಷದ ಲೆಕ್ಕ ಬರುವುದು. ಈ ವರ್ಷ ಹೊರಬಂದ ಹುಳುವಿನ ತಾಯಿ ಹೋದ ವರ್ಷ ಎಲ್ಲೋ ಹೊರಬಂದಿರಲೇಬೇಕು. ಹೋದ ವರ್ಷದ ಬಾಟಲಿಗಳೆಲ್ಲ ಜೋಪಾನವಾಗಿದ್ದರೆ ಆ ತಾಯಿಯನ್ನು ಹುಡುಕಬಹುದು. ಪಕ್ಕದ ಊರಿನ ನಾಯಿಯಲ್ಲಿ ಸಿಕ್ಕರೆ ಒಂದು ಅರ್ಥ. ನೂರಾರು ಕಿಲೋಮೀಟರ್ ದೂರದಲ್ಲಿ ಸಿಕ್ಕರೆ, ಯಾರೋ ನಾಯಿಯನ್ನು ಸಾಗಿಸಿದ್ದಾರೆ ಅಥವಾ ಸೋಂಕಿನ ಮೀನು (ಮೀನಿನ ಪಾತ್ರ ಮುಂದೆ ಬರುತ್ತದೆ) ಅಷ್ಟು ದೂರ ಹೋಗಿದೆ ಎಂದು ವಿಚಾರಿಸಲು ದಾರಿ ಸಿಗುತ್ತದೆ. ತಾಯಿ ಎಲ್ಲೂ ಸಿಗದಿದ್ದರೆ ಅದು ಎಲ್ಲಕ್ಕಿಂತ ಕೆಟ್ಟ ಸುದ್ದಿ. ನಮ್ಮ ಕಣ್ಣಿಗೆ ಬೀಳದ ಹುಳುಗಳು ಇವೆ ಎಂದಾಯಿತು.

ಎರಡು ದಾರಿ, ಒಂದೇ ಉತ್ತರ

2018ರಲ್ಲಿ ಅಮೆರಿಕದ ವಾಸರ್ ಕಾಲೇಜಿನ ಎಲಿಜಬೆತ್ ತೀಲೆ ಮತ್ತು ಜೊತೆಗಾರರು ಚಾಡ್‌ನ ಹುಳುಗಳನ್ನು ಎರಡನೇ ಮತ್ತು ಮೂರನೇ ಹಂತದ ವಿಧಾನಗಳಲ್ಲಿ ಪರೀಕ್ಷಿಸಿದರು. ನಾಯಿಯ ಹುಳು ಒಂದು ಗುಂಪು, ಮನುಷ್ಯರ ಹುಳು ಇನ್ನೊಂದು ಗುಂಪು ಎಂದು ಬೇರೆಯಾಗಲಿಲ್ಲ. ಎರಡೂ ಒಂದೇ ಬಳಗ. 2020ರಲ್ಲಿ ಬ್ರಿಟನ್‌ನ ಸ್ಯಾಂಗರ್ ಇನ್‌ಸ್ಟಿಟ್ಯೂಟ್‌ನ ವಿಜ್ಞಾನಿಗಳ ತಂಡ ಪೂರ್ತಿ ಜೀನೋಮನ್ನೇ, ಅಂದರೆ ಹುಳುವಿನ ಇಡೀ ಡಿಎನ್‌ಎಯನ್ನು ಓದಿತು. ಅವರ ಹತ್ತಿರ ಆಫ್ರಿಕಾದ ಬೇರೆ ಬೇರೆ ದೇಶಗಳ, ಮನುಷ್ಯ, ನಾಯಿ, ಬೆಕ್ಕು, ಬಬೂನ್‌ಗಳ ಹುಳುಗಳಿದ್ದವು. ಹುಳುಗಳು ಗುಂಪುಗೂಡಿದ್ದು ಜಾಗದ ಪ್ರಕಾರ. ಯಾವ ಪ್ರಾಣಿಯಲ್ಲಿ ಸಿಕ್ಕಿತು ಎಂಬುದರ ಪ್ರಕಾರ ಅಲ್ಲ. ಸುಲಭವಾಗಿ ಹೇಳುವುದಾದರೆ, ಚಾಡ್‌ನ ನಾಯಿ ಹುಳುವಿಗೆ ಹತ್ತಿರದ ನೆಂಟ ಚಾಡ್‌ನ ಮನುಷ್ಯರ ಹುಳುವೇ ಹೊರತು ಇಥಿಯೋಪಿಯಾದ ನಾಯಿ ಹುಳು ಅಲ್ಲ.

ಈ ಉತ್ತರ ಬಂದಮೇಲೆ ಒಂದು ಆರಾಮದ ವಾದ ಬಿದ್ದುಹೋಯಿತು. ನಾಯಿಗಳದ್ದು ಬೇರೆ ಜಾತಿಯಾಗಿದ್ದಿದ್ದರೆ, ಅಥವಾ ಕನಿಷ್ಠ ಬೇರೆ ತಳಿಯಾಗಿದ್ದಿದ್ದರೆ, ಮನುಷ್ಯರ ಸಂಖ್ಯೆ ಸೊನ್ನೆಯಾದ ದಿನ ಗೆದ್ದೆವು ಎನ್ನಬಹುದಿತ್ತು. ಈಗ ಆ ದಾರಿ ಇಲ್ಲ.

ಡಿಎನ್‌ಎ ಇನ್ನೊಂದು ಸುಳಿವನ್ನೂ ಕೊಟ್ಟಿತು. ಚಾಡ್‌ನ ಕಪ್ಪೆಯೊಂದರಲ್ಲಿ ಸಿಕ್ಕಿದ ಮರಿಹುಳು ನಾರು ಹುಳುವಿನದೇ ಎಂದು 2016ರಲ್ಲಿ ಖಚಿತವಾಯಿತು. ಮರಿಹುಳುವನ್ನು ಕಣ್ಣಿನಿಂದ ಗುರುತಿಸುವ ಮಾತೇ ಇಲ್ಲ, ಇದು ಜೀನ್ ಇಲ್ಲದೆ ಆಗುತ್ತಲೇ ಇರಲಿಲ್ಲ. ನೀರು ಕುಡಿಯುವುದರಿಂದ ಮಾತ್ರವಲ್ಲ, ಸೈಕ್ಲೋಪ್ಸ್ ತಿಂದ ಕಪ್ಪೆ ಅಥವಾ ಮೀನನ್ನು ಹಸಿಯಾಗಿ ತಿಂದರೂ ಸೋಂಕು ಬರಬಹುದು ಎಂಬ ಅನುಮಾನಕ್ಕೆ ಇದರಿಂದ ಬಲ ಬಂತು. ಬೇಸಿಗೆಯಲ್ಲಿ ಶಾರಿ ನದಿಯ ಮಡುಗಳು ಬತ್ತುವಾಗ ಊರಿಗೆ ಊರೇ ಮೀನು ಹಿಡಿಯುತ್ತದೆ. ಮೀನು ಹಸನು ಮಾಡಿ ಕರುಳನ್ನು ಬಿಸಾಡುತ್ತಾರೆ, ನಾಯಿಗಳು ತಿನ್ನುತ್ತವೆ. ನಾಯಿಗಳಲ್ಲಿ ಯಾಕೆ ಅಷ್ಟೊಂದು, ಮನುಷ್ಯರಲ್ಲಿ ಯಾಕೆ ಅಲ್ಲೊಬ್ಬರು ಇಲ್ಲೊಬ್ಬರು ಎಂಬುದಕ್ಕೆ ಈ ವಿವರಣೆ ಚೆನ್ನಾಗಿ ಹೊಂದುತ್ತದೆ.

ಚಿತ್ರದುರ್ಗದಲ್ಲಿ ಗೊತ್ತಿದ್ದ ಸಂಗತಿ

ನಾಯಿಗೆ ನಾರು ಹುಳು ತಗುಲುತ್ತದೆ ಎಂಬುದು 2012ರ ಶೋಧವೇನೂ ಅಲ್ಲ. 1930ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಡಾ. ವಿ. ಎನ್. ಮೂರ್ತಿ ಮತ್ತು ಡಬ್ಲ್ಯೂ. ಸಿ. ಸ್ವೀಟ್ ಇದನ್ನು ಪ್ರಯೋಗ ಮಾಡಿ ತೋರಿಸಿದ್ದರು. ಚಿತ್ರದುರ್ಗ ಜಿಲ್ಲೆಯ ಮೆಟ್ಟಿಲು ಬಾವಿಗಳಲ್ಲಿ ಅವರು ಸೈಕ್ಲೋಪ್ಸ್ ಅಧ್ಯಯನ ಮಾಡಿದರು. ಸೈಕ್ಲೋಪ್ಸ್ ತಿನ್ನುವ ಸಣ್ಣ ಮೀನುಗಳನ್ನು ಬಾವಿಗೆ ಬಿಟ್ಟು ರೋಗ ತಡೆಯುವ ಉಪಾಯವನ್ನು 1936ರಲ್ಲಿ ಬರೆದರು. ನಾಯಿಗಳಿಗೆ ಸೋಂಕು ತಗುಲಿಸಿದ ಪ್ರಯೋಗದ ವರದಿಯೂ ಅದೇ ಹೊತ್ತಿನದು. 1937ರಲ್ಲಿ ಮೂರ್ತಿಯವರು ಈ ಹುಳುವಿನ ದೇಹರಚನೆಯನ್ನು ಹೊಸದಾಗಿ ವಿವರಿಸಿದರು. ಡಿಎನ್‌ಎ ಬರುವವರೆಗೆ ಜಾತಿ ಗುರುತಿಸಲು ಇದ್ದದ್ದು ಇಂಥ ವಿವರಣೆಗಳ ಆಧಾರವೇ.

ಹಾಗಾದರೆ ಇಷ್ಟು ವರ್ಷ ನಾಯಿಯನ್ನು ಯಾಕೆ ಕಡೆಗಣಿಸಿದರು? ಕಾರಣ ಇತ್ತು. ಸೋವಿಯತ್ ಕಾಲದಲ್ಲಿ, 1930ರ ದಶಕದ ಆರಂಭದಲ್ಲಿ, ಉಜ್ಬೇಕಿಸ್ತಾನದ ಬುಖಾರಾದಲ್ಲಿ ಈ ರೋಗವನ್ನು ಮುಗಿಸಿದರು. ಅಲ್ಲಿನ ನಾಯಿಗಳಲ್ಲೂ ಹುಳು ಇತ್ತು. ಮನುಷ್ಯರಲ್ಲಿ ಹೋದ ಮೇಲೆ ಕಾಲಕ್ರಮೇಣ ನಾಯಿಗಳಲ್ಲೂ ಹೋಯಿತು. ಭಾರತದಲ್ಲೂ ನಾಯಿಗಳನ್ನು ಹಿಂಬಾಲಿಸದೆಯೇ 1996ಕ್ಕೆ ರೋಗ ನಿಂತಿತು. ಮನುಷ್ಯರೇ ಮೂಲ, ನಾಯಿ ಬರೀ ಚೆಲ್ಲಿದ್ದನ್ನು ಹೀರುವ ಜಾಗ ಎಂಬ ತೀರ್ಮಾನ ಆ ಅನುಭವದಿಂದ ಬಂದದ್ದು. ಆ ಕಾಲಕ್ಕೆ ಅದು ಸರಿಯಾಗಿಯೇ ಇತ್ತು.

ಈಗಿನ ಜಗಳ

ಬುಖಾರಾ ಮತ್ತು ಭಾರತದ ಅನುಭವ ಹಿಡಿದುಕೊಂಡವರು ಹೇಳುವುದು ಹೀಗೆ: ಒಂದೇ ಹುಳು ಅಂದಮೇಲೆ ಉಪಾಯವೂ ಒಂದೇ. ನೀರನ್ನು ಕಾಪಾಡಿ, ಸೋಂಕಿನ ನಾಯಿಯನ್ನು ಹುಳು ಹೊರಬರುವವರೆಗೆ ಕಟ್ಟಿಹಾಕಿ, ಮೀನಿನ ಕರುಳನ್ನು ಹೂತುಬಿಡಿ, ಮಡುಗಳಿಗೆ ಔಷಧಿ ಹಾಕಿ. ಚಾಡ್‌ನಲ್ಲಿ 2019ರಿಂದ ಸಂಖ್ಯೆ ಇಳಿಯುತ್ತಿರುವುದೇ ಇದಕ್ಕೆ ಸಾಕ್ಷಿ. ತಡವಾಗುತ್ತದೆ, ಆದರೆ ಆಗುತ್ತದೆ.

ಎದುರು ವಾದದವರಿಗೆ ಆ ಹೋಲಿಕೆಯೇ ಒಪ್ಪಿಗೆಯಿಲ್ಲ. ಬುಖಾರಾದಲ್ಲಿ ಸಾವಿರಾರು ರೋಗಿಗಳಿದ್ದಾಗ ನಾಯಿ ಪಕ್ಕದ ಪಾತ್ರ. ಚಾಡ್‌ನಲ್ಲಿ ಒಂಬತ್ತು ಜನ ರೋಗಿಗಳು, ನೂರಾರು ನಾಯಿಗಳು. ಒಂಬತ್ತು ಜನ ನೂರಾರು ನಾಯಿಗಳಿಗೆ ಹಂಚುತ್ತಿದ್ದಾರೆ ಎಂದರೆ ನಂಬುವುದು ಹೇಗೆ? ಮನುಷ್ಯರು ಪೂರ್ತಿ ಹುಷಾರಾದರೂ ಹುಳು ನಾಯಿಯಿಂದ ನಾಯಿಗೆ ಸುತ್ತುತ್ತಲೇ ಇರಬಹುದು. ಹೀಗಿರುವಾಗ ಇದನ್ನು ಪ್ರಾಣಿಗಳ ರೋಗವೆಂದೇ ಒಪ್ಪಿಕೊಂಡು ಪಶುವೈದ್ಯರ ಕೈಗೆ ಹೆಚ್ಚಿನ ಹಣ, ಅಧಿಕಾರ ಕೊಡಬೇಕು ಎಂಬುದು ಅವರ ಮಾತು. ನಾಯಿಗಳಿಗೆ ಔಷಧಿ, ಹುಳು ಹೊರಬರುವ ಮೊದಲೇ ಸೋಂಕು ತಿಳಿಸುವ ರಕ್ತಪರೀಕ್ಷೆ, ಇವುಗಳ ಹುಡುಕಾಟ ನಡೆದಿರುವುದು ಈ ವಾದದ ಬಲದಿಂದಲೇ.

ಚಾಡ್ ಮಟ್ಟಿಗೆ ಎರಡನೇ ವಾದಕ್ಕೇ ಹೆಚ್ಚು ತೂಕ ಇದೆ. ಆದರೆ ಇಬ್ಬರೂ ಮಾಡಬೇಕೆನ್ನುವ ದಿನನಿತ್ಯದ ಕೆಲಸದಲ್ಲಿ ವ್ಯತ್ಯಾಸ ಕಡಿಮೆ. ನಿಜವಾದ ಭಿನ್ನಾಭಿಪ್ರಾಯ ಇರುವುದು ಕಾಡಿನ ವಿಚಾರದಲ್ಲಿ.

ಬಬೂನನ್ನು ಕಟ್ಟಿಹಾಕುವುದು ಹೇಗೆ?

ನಾಯಿಗೆ ಒಡೆಯರಿದ್ದಾರೆ. ಬಹುಮಾನ ಕೊಡುತ್ತೇವೆ ಎಂದರೆ ಸುದ್ದಿ ತಿಳಿಸುತ್ತಾರೆ, ಕಟ್ಟಿಹಾಕುತ್ತಾರೆ. ಬಬೂನ್‌ಗೆ ಅದೆಲ್ಲ ನಡೆಯುವುದಿಲ್ಲ. ಗ್ಯಾಂಬೆಲಾದಲ್ಲಿ ಬಬೂನ್‌ಗಳನ್ನು ಬಲೆಗೆ ಹಿಡಿದು, ಪರೀಕ್ಷಿಸಿ, ವಾಪಸ್ ಬಿಡುವ ಕೆಲಸ ನಡೆದಿದೆ. ಅದು ಎಷ್ಟು ಕಷ್ಟದ, ಖರ್ಚಿನ ಕೆಲಸ ಎಂದು ಬೇರೆ ಹೇಳಬೇಕಿಲ್ಲ.

ಕಾಡಿನ ಹೆದರಿಕೆಗೆ ಇತಿಹಾಸದ ಬೆಂಬಲ ಇದೆ. 20ನೇ ಶತಮಾನದ ಆರಂಭದಲ್ಲಿ ರಾಕ್‌ಫೆಲರ್ ಫೌಂಡೇಶನ್ ಹಳದಿ ಜ್ವರವನ್ನು ನಿರ್ಮೂಲನೆ ಮಾಡಲು ಹೊರಟಿತ್ತು. ಪಟ್ಟಣಗಳ ಸೊಳ್ಳೆ ಕೊಂದರೆ ಸಾಕು ಎಂದುಕೊಂಡಿದ್ದರು. 1930ರ ದಶಕದಲ್ಲಿ ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಆ ವೈರಸ್ ಮಂಗಗಳಲ್ಲಿ ಸುತ್ತುತ್ತಿದೆ ಎಂದು ಗೊತ್ತಾದಾಗ ನಿರ್ಮೂಲನೆಯ ಗುರಿಯನ್ನೇ ಕೈಬಿಡಬೇಕಾಯಿತು. ಸಿಡುಬು ಹೋಯಿತು, ಯಾಕೆಂದರೆ ಅದಕ್ಕೆ ಮನುಷ್ಯರನ್ನು ಬಿಟ್ಟು ಬೇರೆ ಪ್ರಾಣಿಯ ಆಸರೆ ಇರಲಿಲ್ಲ. ನಾರು ಹುಳು ಸಿಡುಬಿನ ದಾರಿಯಲ್ಲಿದೆಯೋ ಹಳದಿ ಜ್ವರದ ದಾರಿಯಲ್ಲಿದೆಯೋ ಎಂಬುದು ಬಿಡಿಸಬೇಕಾದ ಪ್ರಶ್ನೆ.

ಹಳದಿ ಜ್ವರದ ಹೋಲಿಕೆಯನ್ನು ಪೂರ್ತಿ ಒಪ್ಪಬೇಕಿಲ್ಲ. ಅಲ್ಲಿ ಸೊಳ್ಳೆಗೆ ರೆಕ್ಕೆ ಇದೆ, ಮರದ ತುದಿಯಲ್ಲೇ ಸರಪಳಿ ನಡೆದುಹೋಗುತ್ತದೆ. ನಾರು ಹುಳು ಎಷ್ಟೇ ಪ್ರಾಣಿಗಳಿಗೆ ಹರಡಿದರೂ ಪ್ರತಿ ಸುತ್ತಿನಲ್ಲೂ ನಿಂತ ನೀರಿಗೆ ಬರಲೇಬೇಕು. ಒಂದೇ ಪ್ರಾಣಿಯ ದೇಹದಲ್ಲಿ ಗಂಡು ಹೆಣ್ಣು ಎರಡೂ ಸೇರಬೇಕು. ಸಂಖ್ಯೆ ತೀರಾ ಕಡಿಮೆಯಾದಾಗ ಹೆಣ್ಣಿಗೆ ಜೋಡಿ ಸಿಗದೆ ಸಂತತಿ ನಿಲ್ಲುವ ಸಾಧ್ಯತೆಯೂ ಇದೆ. ವೈರಸ್‌ಗೆ ಈ ತಾಪತ್ರಯ ಇಲ್ಲ.

ಬಬೂನಿನ ಹುಳು ಏನು ಹೇಳುತ್ತದೆ? ಅದೂ ಮೆಡಿನೆನ್ಸಿಸ್, ಆ ಭಾಗದ ಬಳಗಕ್ಕೇ ಸೇರಿದ್ದು. ಅಲ್ಲಿಗೆ ಕಾಡಿಗೆಂದೇ ಪ್ರತ್ಯೇಕವಾದ ಹಳೇ ತಳಿಯೊಂದು ಅಡಗಿದೆ ಎಂಬ ಊಹೆಗೆ ಆಧಾರ ಸಿಕ್ಕಿಲ್ಲ. ಆದರೆ ಇತ್ತೀಚೆಗೆ ಕಾಡಿಗೆ ಹೋಗಿ ಅಲ್ಲೇ ನೆಲೆ ನಿಂತಿದೆಯೇ ಎಂಬ ಪ್ರಶ್ನೆ ಇದರಿಂದ ಮುಗಿಯುವುದಿಲ್ಲ.

ಡಿಎನ್‌ಎಗೆ ನಿಲುಕದ್ದು

ಸುದ್ದಿಗಳಲ್ಲಿ ಹೆಚ್ಚು ತಪ್ಪಾಗುವುದು ಇಲ್ಲೇ. ನಾಯಿಯ ಹುಳುವೂ ಮನುಷ್ಯರ ಹುಳುವೂ ಒಂದೇ ಎಂದು ಪರೀಕ್ಷೆ ಹೇಳಿದ ಕೂಡಲೇ ನಾಯಿಯಿಂದ ಮನುಷ್ಯರಿಗೆ ಬರುತ್ತಿದೆ ಎಂದು ಬರೆದುಬಿಡುತ್ತಾರೆ. ಪರೀಕ್ಷೆ ಹಾಗೆ ಹೇಳಿಲ್ಲ. ಇಬ್ಬರಿಗೂ ಒಂದೇ ಮಡುವಿನಿಂದ, ಒಂದೇ ಮೀನಿನಿಂದ ಬಂದಿರಬಹುದು. ನಾಯಿ ಕಚ್ಚಿದರೆ, ನೆಕ್ಕಿದರೆ ಈ ರೋಗ ಬರುವುದಿಲ್ಲ. ಯಾವ ದಿಕ್ಕಿನಲ್ಲಿ ಹರಿಯುತ್ತಿದೆ ಎಂದು ತಿಳಿಯಲು ತಾಯಿ-ಮರಿ ಸಂಬಂಧ ಬೇಕು. ಅದಕ್ಕೆ ಹೊರಬಂದ ಹುಳುಗಳಲ್ಲಿ ಹೆಚ್ಚಿನವು ಬಾಟಲಿಯಲ್ಲಿರಬೇಕು. ನಾಯಿಗಳ ಹುಳು ಸಾವಿರಗಟ್ಟಲೆ ಸಂಗ್ರಹವಾಗಿವೆ. ಬಬೂನ್‌ಗಳದ್ದು ಬೆರಳೆಣಿಕೆ. ಕಾಡುಬೆಕ್ಕು, ಚಿರತೆಯ ಕಾಲನ್ನು ಯಾರು ನೋಡಿಕೊಂಡು ಕೂರುತ್ತಾರೆ? ಕಾಡಿನಲ್ಲಿ ಕಡಿಮೆ ಇದೆ ಎಂಬ ಸಮಾಧಾನದಲ್ಲಿ, ಕಾಡಿನಲ್ಲಿ ನಾವು ಕಡಿಮೆ ಹುಡುಕಿದ್ದೇವೆ ಎಂಬುದೂ ಸೇರಿಕೊಂಡಿದೆ.

ಇನ್ನೊಂದು ತೊಡಕು ಯಶಸ್ಸಿನಿಂದಲೇ ಬರುತ್ತದೆ. ಹುಳುಗಳ ಸಂಖ್ಯೆ ಇಳಿದಂತೆ ಉಳಿದವೆಲ್ಲ ಒಂದಕ್ಕೊಂದು ನೆಂಟರಾಗುತ್ತವೆ. ಎಲ್ಲರೂ ನೆಂಟರೇ ಆದಾಗ ಯಾರು ಯಾರ ಮಗಳು ಎಂದು ಮೈಕ್ರೋಸ್ಯಾಟಲೈಟ್‌ನಿಂದ ಬಿಡಿಸುವುದು ಕಷ್ಟ. ಪೂರ್ತಿ ಜೀನೋಮ್ ಓದಬೇಕಾಗುತ್ತದೆ, ಖರ್ಚು ಹೆಚ್ಚುತ್ತದೆ. ಜೊತೆಗೆ ಮಾದರಿಗಳು ಆಫ್ರಿಕಾದ ಹಳ್ಳಿಯಿಂದ ಅಟ್ಲಾಂಟಾಕ್ಕೆ ಹೋಗಿ ಉತ್ತರ ಬರುವಷ್ಟರಲ್ಲಿ ಊರಿನವರಿಗೆ ಅದರಿಂದ ಆಗುವ ಉಪಯೋಗ ಕಡಿಮೆಯಾಗಿರುತ್ತದೆ. ಪರೀಕ್ಷೆ ಆಯಾ ದೇಶಗಳಲ್ಲೇ ನಡೆಯುವಂತಾದರೆ ಮಾತ್ರ ಇದು ದಿನನಿತ್ಯದ ಸಾಧನವಾದೀತು.

ಪರಿಣಾಮ ಏನು?

ಮೊದಲನೆಯದು ಪ್ರಮಾಣಪತ್ರದ ವಿಚಾರ. ಒಂದು ದೇಶ ಕನಿಷ್ಠ ಮೂರು ವರ್ಷ ಸೋಂಕು ಹರಡುವಿಕೆ ಸೊನ್ನೆ ಎಂದು ತೋರಿಸಬೇಕು, ಅದರಲ್ಲಿ ಈಗ ಪ್ರಾಣಿಗಳೂ ಸೇರುತ್ತವೆ. ಜನರ ಸಂಖ್ಯೆಯನ್ನಷ್ಟೇ ನೋಡಿದ್ದರೆ ಮಾಲಿಗೆ ಇಷ್ಟು ಹೊತ್ತಿಗೆ ಪ್ರಮಾಣಪತ್ರದ ಬಾಗಿಲು ಹತ್ತಿರವಾಗಿರುತ್ತಿತ್ತು. ಅಲ್ಲಿ 2024ರಲ್ಲಿ ಒಬ್ಬ ರೋಗಿಯೂ ಇಲ್ಲ, ಆದರೆ ಪ್ರಾಣಿಗಳಲ್ಲಿ ಸೋಂಕು ಇನ್ನೂ ಸಿಕ್ಕಿತು. ಆ ದೇಶದ ಅಧಿಕಾರಿಗಳಿಗೆ ಇದು ಅನ್ಯಾಯ ಅನಿಸಿದರೆ ಆಶ್ಚರ್ಯವಿಲ್ಲ. ಆದರೂ ಪ್ರಾಣಿಗಳನ್ನು ಬಿಟ್ಟು ಪ್ರಮಾಣಪತ್ರ ಕೊಟ್ಟಿದ್ದರೆ ಚಾಡ್‌ನ 2010 ಮತ್ತೊಮ್ಮೆ ಎಲ್ಲೋ ಆಗುತ್ತಿತ್ತು.

ಎರಡನೆಯದು ದುಡ್ಡು. 15 ರೋಗಿಗಳಿಗಾಗಿ ಇಷ್ಟು ಖರ್ಚು ಯಾಕೆ, ಅದೇ ಹಣದಲ್ಲಿ ಮಲೇರಿಯಾ ನೋಡಿಕೊಳ್ಳಬಾರದೇ ಎಂಬ ಪ್ರಶ್ನೆ ಗಡುವು ಜಾರಿದಷ್ಟೂ ಗಟ್ಟಿಯಾಗುತ್ತದೆ. ಇದಕ್ಕೆ ಉತ್ತರ 15ರಲ್ಲಿ ಇಲ್ಲ, 660ರಲ್ಲಿ ಇದೆ. ಕಣ್ಗಾವಲು ನಿಲ್ಲಿಸಿದರೆ ಆ ಪ್ರಾಣಿಗಳಿಂದ ನೀರಿಗೆ, ನೀರಿನಿಂದ ಜನರಿಗೆ ಬರಲು ಒಂದು ವರ್ಷ ಸಾಕು.

ಮೂರನೆಯದು ಭಾರತದಂಥ, ಈಗಾಗಲೇ ಮುಕ್ತವಾದ ದೇಶಗಳದ್ದು. ಇಲ್ಲಿ ನಾಯಿಯ ಕಾಲಿನಲ್ಲೋ ಮನುಷ್ಯರ ಮೈಯಲ್ಲೋ ಉದ್ದನೆ ಹುಳು ಸಿಕ್ಕರೆ ಗಾಬರಿಯೂ ಬೇಡ, ಉಡಾಫೆಯೂ ಬೇಡ. ಎಸೆಯದೆ ಆಲ್ಕೋಹಾಲಿನಲ್ಲಿ ಹಾಕಿ ಲ್ಯಾಬಿಗೆ ಕಳಿಸಿದರೆ 18ಎಸ್ ಜೀನಿನ ಎಂಟು ಅಕ್ಷರ ಎಷ್ಟೋ ಅನುಮಾನ ಬಗೆಹರಿಸುತ್ತದೆ. ವಿಯೆಟ್ನಾಂ ಮಾಡಿದ್ದು ಇದನ್ನೇ.

ಮುಂದಿನ ಕೆಲವು ವರ್ಷಗಳಲ್ಲಿ ನೋಡಬೇಕಾದ ಅಂಕಿ ಮನುಷ್ಯರದ್ದಲ್ಲ. ಗ್ಯಾಂಬೆಲಾದಲ್ಲಿ ಸಿಗುವ ಪ್ರತಿ ಬಬೂನ್ ಹುಳುವಿನ ತಾಯಿ ಯಾರು ಎಂಬುದು ಮುಖ್ಯ. ಹಿಂದಿನ ವರ್ಷದ ನಾಯಿಯಲ್ಲೋ ಮನುಷ್ಯರಲ್ಲೋ ಸಿಕ್ಕ ಹುಳು ಅದರ ತಾಯಿಯಾಗಿದ್ದರೆ, ಊರಿನ ನೀರನ್ನು ಕಾಪಾಡಿದರೆ ಕಾಡಿನದ್ದೂ ನಿಲ್ಲುತ್ತದೆ. ತಾಯಿ ಇನ್ನೊಂದು ಬಬೂನಿನಲ್ಲಿ ಇದ್ದದ್ದು, ಅದರ ತಾಯಿಯೂ ಬಬೂನಿನಲ್ಲೇ ಇದ್ದದ್ದು ಎಂದು ಎರಡು ಮೂರು ವರ್ಷ ಸಾಲಾಗಿ ತಿಳಿದುಬಂದರೆ, 2030ರ ಗಡುವಿನ ಬಗ್ಗೆ ಹೊಸದಾಗಿ ಮಾತಾಡಬೇಕಾಗುತ್ತದೆ.